ಮೂರು ಕಡೆಯ ಹಳಿ

ನಮ್ಮೂರಿಂದ ಮೂರು ಕಡೆಗೆ ಹಳಿ ಇದೆ.
ಅರಸೀಕೆರೆಯವರಿಗೆ ಅದೊಂದು ಜಂಬ,
ಎಲ್ಲಿಗಾದರೂ ಇಲ್ಲೇ ಹತ್ತಬಹುದು ಅಂತ.
ತಮ್ಮ ಪಂಚಾಕ್ಷರಿಯ ಕಿಡ್ನಿ ಎರಡೂ ಕೈಕೊಟ್ಟ ಮೇಲೆ
ಆ ಜಂಬವೇ ತಲೆನೋವು:
ಯಾವ ಕಡೆಯದು ಹತ್ತೋದು?

ಬೆಂಗಳೂರಿನದಕ್ಕೆ ನೂರಕ್ಕೆ ತೊಂಬತ್ತಾರು ಅಂತೆ.
ಅವನ ಹೆಂಡತಿ ದಾಕ್ಷಾಯಣಿ ಅದನ್ನ
ಕ್ಯಾಲೆಂಡರಿನ ಹಿಂದೆ ಬರೆದು ಎರಡು ಗೆರೆ ಎಳೆದಳು.
ಮಿಕ್ಕ ನಾಲ್ಕು ಜನರ ಮನೆಯವರು
ಆಮೇಲೆ ಯಾರಿಗೆ ಫೋನ್ ಮಾಡಿದರು,
ಅದು ಆ ಕಾಗದದಲ್ಲಿರಲಿಲ್ಲ.

ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಗ ಇದ್ದಾನೆ,
ಉಳಿಯೋದಕ್ಕೆ ಮನೆ, ಉಪ್ಪಿಲ್ಲದ ಅಡುಗೆಗೆ ಒಲೆ.
ಅವನ ಹೆಂಡತಿ ಮಾತ್ರ ಫೋನಿನಲ್ಲಿ
‘ಎಷ್ಟು ದಿನ?’ ಅಂತ ಎರಡು ಸಲ ಕೇಳಿದಳು.

ಮೈಸೂರಿನದು ಸಣ್ಣದು.
ಗೋಡೆಗೆ ತೇವ, ಲಿಫ್ಟಿಗೆ ಸಾಲು.

ಹಾಸನದ ಡಯಾಲಿಸಿಸ್ ಕೋಣೆಯಲ್ಲಿ
ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ತಾಸು,
ಮಲಗಿದವರೆಲ್ಲ ಪಂಡಿತರೇ.
ಕಿಟಕಿ ಪಕ್ಕದ ಹಾಸಿಗೆ ಬೇಲೂರಿನ ಇನಾಯತ್ ಸಾಬರದು;
ಸೈಕಲ್ ಅಂಗಡಿಯವರು, ಕಸಿ ಮಾಡಿಸಿ ಆರು ವರ್ಷ ಬಾಳಿ
ಮತ್ತೆ ಮಿಷನ್ನಿಗೆ ಬಂದವರು.
‘ಆಪರೇಷನ್ ಒಂದು ದಿನದ್ದು ತಾಯಿ, ಮಾತ್ರೆ ಬದುಕಿಡೀ.
ರಾತ್ರಿ ಎರಡಕ್ಕೆ ಜ್ವರ ಬಂದರೆ ಫೋನ್ ಎತ್ತೋರು ಯಾರು?
ಅವರ ಹೆಸರು ಕೇಳಿ.
ಹೆಸರು ಹೇಳದಿದ್ದರೆ ಎದ್ದು ಬಂದುಬಿಡಿ.’

ಕೊಡುವವಳು ನಾನು.
ಅದನ್ನ ಯಾರೂ ತೀರ್ಮಾನಿಸಲಿಲ್ಲ,
ತೀರ್ಮಾನವಾಗಿಯೇ ಇತ್ತು.
ರಕ್ತ ಹೊಂದುತ್ತದೆ, ವಯಸ್ಸು ನಲವತ್ತೊಂಬತ್ತು,
‘ನಿನಗಿನ್ನೇನು ಗುರುಬಸಿ, ಹಿಂದಿಲ್ಲ ಮುಂದಿಲ್ಲ’ ಅಂದಳು ಅವ್ವ
ಹುರುಳಿ ಕೇರುತ್ತ.
ಮೊರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಬೆಂಗಳೂರಿನಲ್ಲಿ ತಲೆಯೆತ್ತದೆ ಕೇಳಿದರು:
ಡೋನರ್ ಯಾರು? ಇಲ್ಲಿ ಸಹಿ, ಇಲ್ಲಿ, ಇಲ್ಲೂ.
ಹುಬ್ಬಳ್ಳಿಯಲ್ಲಿ ಕೈಮುಗಿದರು:
ಅಕ್ಕನೇ? ಪುಣ್ಯವಂತರು ಬಿಡಿ ನೀವು!
ಎರಡೂ ಕಡೆ
ಮಾತಿಗೆ ಜಾಗವಿರಲಿಲ್ಲ.

ಮೈಸೂರಿನಲ್ಲಿ ನೆಗಡಿ ಹಿಡಿದ ಹೆಂಗಸೊಬ್ಬಳು
ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು
‘ಗುರುಬಸಮ್ಮ ಒಬ್ಬರೇ ಒಳಗೆ’ ಅಂದಳು.
ದಾಕ್ಷಾಯಣಿ ಅರ್ಧ ಎದ್ದಿದ್ದಳು. ಕೂತಳು.

ಬಾಗಿಲು ಮುಚ್ಚಿತು. ಫ್ಯಾನು ಕಿರ್ರೆಂದಿತು.
‘ಕೊಡಬೇಕು ಅಂತ ಇದೆಯಾ ನಿಮಗೆ?
ಬೇಡ ಅಂದರೆ ಅದು ಈ ಮೇಜು ದಾಟಲ್ಲ.
ನಿಮ್ಮಿಂದ ತಗೊಳ್ಳೋಕಾಗಲ್ಲ ಅಂತ ಹೊರಗೆ ಹೇಳ್ತೀವಿ,
ಯಾಕೆ ಅಂತ ಹೇಳಲ್ಲ. ನಿಮ್ಮ ತಮ್ಮನಿಗೂ.’

ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ.
ಪಕ್ಕದ ಹೊಲಿಗೆಯಲ್ಲಿ ಒಂದು ಬೆರಳು ಬಟ್ಟೆ ಬಿಡುತ್ತೇನೆ,
ಮೈ ಬದಲಾದರೆ ಬಿಚ್ಚಿಕೊಳ್ಳಲಿ ಅಂತ.
ಬಿಚ್ಚುವವರು ಹತ್ತಕ್ಕೆ ಇಬ್ಬರು.
ಆದರೂ ಬಿಡಬೇಕು.
ನನ್ನ ಅಳತೆ ತೆಗೆದವರು ಯಾರೂ
ಅಷ್ಟು ಬಟ್ಟೆ ಬಿಟ್ಟಿರಲಿಲ್ಲ.

ಅಳು ಬರಬೇಕಿತ್ತೇನೋ. ಹಸಿವಾಯಿತು.
‘ಈಗಲೇ ಹೇಳಬೇಕಾ?’ ಅಂದೆ.
‘ಇಲ್ಲ. ತಿಂಡಿ ತಿಂದು ಬನ್ನಿ. ಮುಂದಿನ ವಾರ ಬನ್ನಿ.
ಬರದಿದ್ದರೂ ಆಯಿತು.’
ಎದ್ದು ಹೊರಡುವಾಗ ನೆನಪಾಗಿ ಕೇಳಿದೆ:
ರಾತ್ರಿ ಎರಡಕ್ಕೆ ಫೋನ್ ಎತ್ತೋರು?
‘ನಾನು, ಇಲ್ಲದಿದ್ದರೆ ಬ್ರದರ್ ಲೋಬೊ. ಅವನಿಗೆ ನಿದ್ದೆ ಕಮ್ಮಿ.’

‘ಇಲ್ಲೇ ಆಗಲಿ’ ಅಂದೆ, ಕ್ಯಾಂಟೀನಿನಲ್ಲಿ,
ನಾಲ್ಕನೇ ಇಡ್ಲಿ ಮುರಿಯುತ್ತ.
‘ಮತ್ತೆ ತೊಂಬತ್ತಾರು?’ ಅಂದಳು ದಾಕ್ಷಾಯಣಿ.
‘ರೈಲು ನೇರ ಇದೆ’ ಅಂದೆ.
ಅವ್ವ ಈಗಲೂ ಬೀದಿಯವರಿಗೆ ಅದನ್ನೇ ಹೇಳುತ್ತಾಳೆ:
ಮೈಸೂರು ಯಾಕಂದರೆ, ರೈಲು ನೇರ.

ವಾಪಸು ಬರುವಾಗ, ಹಾಸನ ಬಿಟ್ಟ ಮೇಲೆ,
ದಾಕ್ಷಾಯಣಿ ತೂಕಡಿಸುತ್ತಿದ್ದಳು.
‘ಒಳಗೆ ಏನು ಕೇಳಿದರಕ್ಕ?’ ಅಂದ ತಮ್ಮ.
‘ಸಕ್ಕರೆ ಇದೆಯಾ, ಬಿ.ಪಿ. ಇದೆಯಾ ಅಂತ.’

ಅವನು ಫಿಸ್ಟುಲಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು
ಹೊರಗಿನ ಕತ್ತಲೆ ನೋಡುತ್ತಿದ್ದ.
‘ನನ್ನನ್ನೂ ಒಬ್ಬನನ್ನೇ ಕರೆದಿದ್ದರು’ ಅಂದ.

ಏನು ಕೇಳಿದರು ಅಂತ
ನಾನೂ ಕೇಳಲಿಲ್ಲ.